ಗೋಡೆಗೆ ಬೂಷ್ಟು ಬಂದಿದೆ, ಟೆಸ್ಟ್ ಮಾಡಿಸಬೇಕಾ?

ಮಳೆಗಾಲ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೂಷ್ಟಿನದ್ದೇ. ಹಾಸನ, ಚಿಕ್ಕಮಗಳೂರು ಕಡೆಯ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ, ಯಾಕೆಂದರೆ ಅವರ ದುಡ್ಡು ಸುಮ್ನೆ ಹೋಗುವ ಹಾಗೆ ಕಾಣುತ್ತಿದೆ.

ಪ್ರಶ್ನೆ: ಕೊಟ್ಟಿಗೆಹಾರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ ಸರ್. ಐದು ರೂಮು. ಜುಲೈ ಬಂತೆಂದರೆ ಎರಡು ರೂಮಿನಲ್ಲಿ ಮುಗ್ಗಲು ವಾಸನೆ, ಗೋಡೆ ಮೇಲೆ ಕಪ್ಪು ಚುಕ್ಕೆ. ಬಂದವರು ರೂಮು ಬದಲಿಸಿ ಅಂತಾರೆ. ಬೆಂಗಳೂರಿನ ಒಂದು ಕಂಪನಿಯವರು ಗಾಳಿ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುತ್ತೇವೆ, ಆಮೇಲಿನ ಟ್ರೀಟ್‌ಮೆಂಟೂ ನಮ್ಮದೇ ಅಂದಿದ್ದಾರೆ. ಒಪ್ಪಿಕೊಳ್ಳಬಹುದಾ?
(ಒಬ್ಬ ಓದುಗರು, ಮೂಡಿಗೆರೆ ತಾಲ್ಲೂಕು)

ಉತ್ತರ: ಸದ್ಯಕ್ಕೆ ಗಾಳಿ ಪರೀಕ್ಷೆ ಬೇಡ. ಬೂಷ್ಟು ಕಣ್ಣಿಗೆ ಕಾಣುತ್ತಿದೆ, ಮೂಗಿಗೂ ಬಡಿಯುತ್ತಿದೆ. ಇದೆಯೋ ಇಲ್ಲವೋ ಅಂತ ಲ್ಯಾಬಿನವರನ್ನು ಯಾಕೆ ಕೇಳಬೇಕು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ, ಬೂಷ್ಟು ಕಾಣುತ್ತಿದ್ದರೆ ಬಹುಪಾಲು ಸ್ಯಾಂಪಲ್ ತೆಗೆಯುವ ಅಗತ್ಯ ಇಲ್ಲ ಅಂತಲೇ ಹೇಳುತ್ತದೆ.

ಆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ತಿಳಿದರೆ ನಿಮಗೇ ಗೊತ್ತಾಗುತ್ತದೆ. ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಕ್ಯಾಸೆಟ್ಟನ್ನು ಪಂಪಿಗೆ ಸಿಕ್ಕಿಸಿ, ನಿಮಿಷಕ್ಕೆ 15 ಲೀಟರ್ ಲೆಕ್ಕದಲ್ಲಿ ಐದೋ ಹತ್ತೋ ನಿಮಿಷ ರೂಮಿನ ಗಾಳಿ ಎಳೆಯುತ್ತಾರೆ. ಒಳಗಿನ ಅಂಟಿಗೆ ಬೂಷ್ಟಿನ ಬೀಜಕಣ ಅಂಟಿಕೊಳ್ಳುತ್ತದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸಿ, ಒಂದು ಘನ ಮೀಟರ್ ಗಾಳಿಗೆ ಇಷ್ಟು ಅಂತ ಬರೆದುಕೊಡುತ್ತಾರೆ. ಆ ಐದು ನಿಮಿಷದಲ್ಲಿ ಫ್ಯಾನ್ ತಿರುಗುತ್ತಿದ್ದರೆ ಒಂದು ಲೆಕ್ಕ, ನಿಂತಿದ್ದರೆ ಇನ್ನೊಂದು, ಯಾರಾದರೂ ಆಗ ತಾನೇ ಹಾಸಿಗೆ ಕೊಡವಿದ್ದರೆ ಮತ್ತೊಂದು. ಅದೇ ದಿನ ಮನೆ ಹೊರಗೂ ಒಂದು ಸ್ಯಾಂಪಲ್ ತೆಗೆಯದಿದ್ದರೆ ಒಳಗಿನ ಅಂಕಿಗೆ ಬೆಲೆಯೇ ಇಲ್ಲ. ನಿಮ್ಮದು ತೋಟದ ನಡುವಿನ ಮನೆ, ಸುತ್ತ ಕೊಳೆಯುತ್ತಿರುವ ಎಲೆ, ಹೊರಗಿನ ಗಾಳಿಯಲ್ಲೇ ಬೀಜಕಣ ತುಂಬಿರುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಇಷ್ಟಿದ್ದರೆ ಸರಿ, ಇಷ್ಟು ದಾಟಿದರೆ ಅಪಾಯ ಅನ್ನುವ ಗೆರೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಾಗ, ಆರೋಗ್ಯಕ್ಕೆ ಇಷ್ಟೇ ಮಿತಿ ಅಂತ ಅಂಕಿ ಹಾಕಲು ಆಗುವುದಿಲ್ಲ ಅಂತಲೇ ಹೇಳಿತು. ತೇವ ಬರದ ಹಾಗೆ ನೋಡಿಕೊಳ್ಳಿ, ಬಂದರೆ ಸರಿಪಡಿಸಿ ಅಂದಿತು. ಹಾಗಿರುವಾಗ ರಿಪೋರ್ಟಿನಲ್ಲಿ ಕೆಂಪಕ್ಷರದಲ್ಲಿ ದೊಡ್ಡ ಸಂಖ್ಯೆ ಹಾಕಿ ಹೆದರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ.

ನಿಮಗೆ ಬೇಕಾಗಿರುವುದು ನೀರಿನ ದಾರಿ ಹುಡುಕುವವರು. ಒಳ್ಳೆಯ ಇನ್‌ಸ್ಪೆಕ್ಟರ್ ಬಂದ ತಕ್ಷಣ ಪಂಪ್ ತೆಗೆಯುವುದಿಲ್ಲ. ಯಾವ ತಿಂಗಳು ಶುರುವಾಗುತ್ತದೆ, ಬೇಸಿಗೆಯಲ್ಲಿ ಹೋಗುತ್ತದಾ, ಯಾವಾಗ ಪೇಂಟ್ ಮಾಡಿಸಿದಿರಿ ಅಂತ ಕೇಳುತ್ತಾರೆ. ಮಳೆ ಬರುವಾಗಲೇ ಮನೆಗೆ ಒಂದು ಸುತ್ತು ಹಾಕಿ ಸಜ್ಜಾ, ಟೆರೇಸಿನ ನೀರು ಬೀಳುವ ಜಾಗ, ಗೋಡೆಗೆ ತಾಗಿದ ಮಣ್ಣಿನ ಎತ್ತರ ನೋಡುತ್ತಾರೆ. ನಮ್ಮ ಕಡೆ ಗಾಳಿ ಮಳೆ ನೈಋತ್ಯದಿಂದ ಬೀಸುವುದರಿಂದ ಆ ದಿಕ್ಕಿನ ಗೋಡೆಗೆ ಹಿಂದಿನವರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ತಟ್ಟಿಯೂ ಇಲ್ಲ, ಉದ್ದ ಸೂರೂ ಇಲ್ಲ, ಇರಚಲು ನೇರ ಗೋಡೆಗೇ ಹೊಡೆಯುತ್ತದೆ.

ಕಾಫಿ ಬೆಳೆಗಾರರಿಗೆ ಮಾಯಿಶ್ಚರ್ ಮೀಟರ್ ಹೊಸದಲ್ಲ ಅಲ್ವಾ? ಗೋಡೆಗೂ ಅಂಥದ್ದೇ ಒಂದಿದೆ, ಎರಡು ಮೊನಚು ಕಡ್ಡಿ ಇರುತ್ತದೆ. ಬಹಳಷ್ಟು ಮೀಟರುಗಳ ಅಂಕಿ ಮರಕ್ಕೆ ಅಂತ ಕೂರಿಸಿದ್ದು, ಗಾರೆಯ ಮೇಲೆ ಅದನ್ನು ಶೇಕಡಾ ಅಂತ ಓದಬಾರದು. ಒಣಗಿದ ಗೋಡೆಯಲ್ಲಿ ಎಷ್ಟು, ಇಲ್ಲಿ ಎಷ್ಟು ಅಂತ ಹೋಲಿಸಬೇಕು. ಸಕಲೇಶಪುರದ ಕಡೆ ಒಂದು ಮನೆ ನೋಡಲು ಹೋಗಿದ್ದೆ. ಮಂಚದ ಹಿಂದಿನ ಗೋಡೆಗೆ ಮೂರು ಸಲ ಪೇಂಟ್ ಬಳಿಸಿದ್ದರು, ಮೂರು ಸಲವೂ ಬೂಷ್ಟು ಮೇಲೆದ್ದಿತ್ತು. ಪಶ್ಚಿಮದ ಗೋಡೆ, ಹಾಗಾಗಿ ಎಲ್ಲರೂ ಇರಚಲು ಅಂದುಕೊಂಡಿದ್ದರು. ಮಂಚ ಎಳೆದು, ಒಂದೊಂದು ಅಡಿಗೆ ಮೀಟರ್ ಒತ್ತಿ, ಬಂದ ಅಂಕಿಯನ್ನು ಪೆನ್ಸಿಲ್‌ನಲ್ಲಿ ಗೋಡೆ ಮೇಲೇ ಬರೆಯುತ್ತಾ ಹೋದೆವು. ಕಿಟಕಿ ಕಡೆಗೆ ಅಂಕಿ ಇಳಿಯಿತು. ಬಚ್ಚಲಿಗೆ ತಾಗಿದ ಮೂಲೆಯ ಕಡೆಗೆ ಏರಿತು. ಆಚೆ ಎರಡು ಟೈಲ್ ತೆಗೆಸಿದರೆ ಗೀಸರ್ ಪೈಪಿನ ಜಾಯಿಂಟ್ ಒಸರುತ್ತಿತ್ತು, ಹನಿಯಾಗಿ ಕೂಡ ಅಲ್ಲ, ಬೆವರಿನ ಹಾಗೆ. ಪ್ಲಂಬರ್ ಅರ್ಧ ದಿನದಲ್ಲಿ ಸರಿ ಮಾಡಿದ.

ಹಾಗಂತ ಲ್ಯಾಬ್ ಪರೀಕ್ಷೆ ಯಾವತ್ತೂ ಬೇಡ ಅಂತ ಅಲ್ಲ. ವಾಸನೆ ಇದೆ ಆದರೆ ಎಲ್ಲೂ ಕಾಣುತ್ತಿಲ್ಲ, ಫಾಲ್ಸ್ ಸೀಲಿಂಗ್ ಒಳಗೆ ಇರಬಹುದು ಅನ್ನಿಸಿದರೆ, ದೊಡ್ಡ ಕೆಲಸ ಮಾಡಿಸಿದ ಮೇಲೆ ಸರಿಯಾಗಿದೆಯಾ ಅಂತ ನೋಡಬೇಕಾದರೆ, ಮಾಲೀಕರಿಗೂ ಬಾಡಿಗೆದಾರರಿಗೂ ತಕರಾರು ಬಂದಿದ್ದರೆ ಮಾಡಿಸಿ. ಆ ಕಲೆ ಬೂಷ್ಟೋ ಮಸಿಯೋ ಅಂತ ಅಷ್ಟೇ ಅನುಮಾನ ಇದ್ದರೆ ಟೇಪ್ ಒತ್ತಿ ತೆಗೆದ ಸ್ಯಾಂಪಲ್ ಸಾಕು. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಅದು ಈ ಪರೀಕ್ಷೆಗೇ ಇದೆಯಾ ಅಂತ ಕೇಳಿ. ಇನ್ನು ಪರೀಕ್ಷೆಯೂ ನಾವೇ, ಟ್ರೀಟ್‌ಮೆಂಟೂ ನಾವೇ ಅನ್ನುವ ಮಾತು. ನ್ಯೂಯಾರ್ಕ್ ರಾಜ್ಯದಲ್ಲಿ ಒಂದೇ ಕೆಲಸಕ್ಕೆ ಇವೆರಡನ್ನೂ ಒಬ್ಬರೇ ಮಾಡುವುದಕ್ಕೆ ಕಾನೂನಿನಲ್ಲೇ ತಡೆ ಇದೆ. ನೀವೂ ಇಬ್ಬರನ್ನು ಬೇರೆ ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ: ಹಾಸನದಲ್ಲಿ ಬಾಡಿಗೆ ಮನೆ. ಬೀರು ಸರಿಸಿದರೆ ಹಿಂದೆ ಗೋಡೆ ಪೂರ್ತಿ ಕಪ್ಪು. ಮಗನಿಗೆ ಆರು ವರ್ಷ, ಆಗಾಗ ಉಬ್ಬಸ ಬರುತ್ತದೆ. ಕೊರೊನಾ ಸಮಯದಲ್ಲಿ ಬಂದ ಬ್ಲ್ಯಾಕ್ ಫಂಗಸ್ ಇದೇನಾ ಅಂತ ಭಯ. ಜಾತಿ ಯಾವುದು ಅಂತ ಟೆಸ್ಟ್ ಮಾಡಿಸಿದರೆ ಡಾಕ್ಟರಿಗೆ ಅನುಕೂಲ ಆಗುತ್ತದಾ?
(ಒಬ್ಬ ತಾಯಿ, ಹಾಸನ)

ಉತ್ತರ: ಮೊದಲು ಆ ಭಯ ಬಿಡಿ ಮೇಡಂ. 2021ರಲ್ಲಿ ಕೇಳಿದ ಬ್ಲ್ಯಾಕ್ ಫಂಗಸ್ ಮ್ಯೂಕರ್ ಗುಂಪಿನದ್ದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರಿಗೆ ಹೆಚ್ಚಾಗಿ ತಗುಲಿತು. ಸೋಂಕಿನಿಂದ ಮಾಂಸ ಸತ್ತು ಕಪ್ಪಾಗುತ್ತದೆ, ಅದಕ್ಕೇ ಆ ಹೆಸರು. ಗೋಡೆ ಮೇಲಿನ ಕಪ್ಪು ಸಾಮಾನ್ಯವಾಗಿ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್ ಥರದ್ದು. ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ.

ಆದರೆ ಉಬ್ಬಸದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ತೇವದ ಮನೆಯಲ್ಲಿ ಉಬ್ಬಸ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಆಧಾರ ಗಟ್ಟಿಯಾಗಿದೆ. ಮಗುವನ್ನು ಡಾಕ್ಟರಿಗೆ ತೋರಿಸಿ, ಗೋಡೆಯ ಫೋಟೋವನ್ನೂ ತೋರಿಸಿ. ಜಾತಿಯ ಹೆಸರು ಬೇಕು ಅಂತ ಅವರೇ ಹೇಳಿದರೆ ಆಗ ಮಾಡಿಸಿ. ಇವತ್ತೇ ಮಗನ ಹಾಸಿಗೆ ಬೇರೆ ಕೋಣೆಗೆ ಹಾಕಿ.

ಗೋಡೆಗೆ ನೀವೇ ಒಂದು ಪರೀಕ್ಷೆ ಮಾಡಬಹುದು, ಖರ್ಚಿಲ್ಲ. ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಒರೆಸಿದ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ನೀರಿನ ಮಣಿ ಪ್ಲಾಸ್ಟಿಕ್‌ನ ಹೊರಗೆ, ನಿಮ್ಮ ಕಡೆಗೆ ಕೂತಿದ್ದರೆ ಅದು ರೂಮಿನ ಗಾಳಿಯ ತೇವ. ಒಳಮೈಯಲ್ಲಿ, ಗೋಡೆ ಕಡೆಗೆ ಕೂತಿದ್ದರೆ ಗೋಡೆಯೊಳಗೆ ನೀರಿದೆ. ಮೊದಲನೆಯದಾದರೆ ಬೀರನ್ನು ಗೋಡೆಯಿಂದ ಒಂದು ಗೇಣು ಈಚೆಗಿಡಿ, ಒದ್ದೆ ಬಟ್ಟೆ ಕೋಣೆಯಲ್ಲಿ ಒಣಹಾಕಬೇಡಿ, ಆರ್ದ್ರತೆ ತೋರಿಸುವ ಚಿಕ್ಕ ಮೀಟರ್ ಇಟ್ಟು ಶೇ. 60ರ ಕೆಳಗಿರುವ ಹಾಗೆ ನೋಡಿಕೊಳ್ಳಿ. ಮಳೆ ಸುರಿಯುವಾಗ ಕಿಟಕಿ ತೆಗೆದರೆ ತೇವ ಒಳಗೇ ಬರುತ್ತದೆ, ಹೊಳವಾದಾಗ ತೆಗೆಯಿರಿ. ಎರಡನೆಯದಾದರೆ ಅದು ಮನೆ ಮಾಲೀಕರ ಕೆಲಸ. ಪ್ಲಾಸ್ಟಿಕ್ಕಿನ ಫೋಟೋ ತೆಗೆದು ತಾರೀಖು ಹಾಕಿ ಕಳಿಸಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಕಾಫಿ ಗೋಡೌನ್ ಇದೆ. ಮೂಲೆಯ ಚೀಲಗಳಿಗೆ ಬೂಷ್ಟು ತಗುಲಿದೆ. ಗೋಡೌನ್ ಗಾಳಿ ಪರೀಕ್ಷೆ ಮಾಡಿಸಲಾ?

ಉತ್ತರ: ಗಾಳಿ ಬಿಡಿ, ಕಾಫಿಯನ್ನು ಮಾಡಿಸಿ. ಇಲ್ಲಿ ಪರೀಕ್ಷೆಗೆ ನಿಜವಾದ ಅರ್ಥ ಇದೆ, ಯಾಕೆಂದರೆ ಇಲ್ಲಿ ಗೆರೆ ಇದೆ. ಕೆಲವು ಬೂಷ್ಟುಗಳು ಕಾಫಿಯಲ್ಲಿ ಓಕ್ರಾಟಾಕ್ಸಿನ್ ಎ ಅನ್ನುವ ವಿಷ ಬಿಡುತ್ತವೆ, ಯೂರೋಪಿನಲ್ಲಿ ಹುರಿದ ಕಾಫಿಗೆ ಕಿಲೋಗೆ 3 ಮೈಕ್ರೋಗ್ರಾಂ ಮಿತಿ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಚೀಲಗಳನ್ನು ಬೇರೆ ತೆಗೆದಿಡಿ, ಒಳ್ಳೆಯದರ ಜೊತೆ ಬೆರೆಸಬೇಡಿ. ಉಳಿದವನ್ನು ಮರದ ಹಲಗೆ ಮೇಲೆ, ಗೋಡೆಯಿಂದ ಒಬ್ಬರು ಓಡಾಡುವಷ್ಟು ದೂರ ಪೇರಿಸಿ. ತೇವ ಶೇ. 12 ದಾಟಿದ ಲೋಡನ್ನು ಒಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಪೇಂಟ್ ಹೊಡೆದರೆ ಆಗುವುದಿಲ್ಲವಾ?
(ಒಬ್ಬ ಓದುಗರು, ಆಲೂರು)

ಉತ್ತರ: ತೇವ ನಿಲ್ಲಿಸದೆ ಏನು ಹೊಡೆದರೂ ಮುಂದಿನ ಮಳೆಗೆ ಪೇಂಟ್ ಸಮೇತ ಎದ್ದು ಬರುತ್ತದೆ. ಹತ್ತು ಚದರಡಿಯೊಳಗಿದ್ದರೆ ಎನ್-95 ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ, ಪೂರ್ತಿ ಒಣಗಲು ಬಿಡಿ. ಒಣಗಿದ್ದನ್ನು ಪರಪರ ಕೆರೆಯಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತದೆ. ಬೂಷ್ಟು ಹಿಡಿದ ಜಿಪ್ಸಂ ಸೀಲಿಂಗ್ ತೊಳೆದರೆ ಸರಿಹೋಗುವುದಿಲ್ಲ, ಕತ್ತರಿಸಿ ತೆಗೆಸಿ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಯಾವ ಕಾರಣಕ್ಕೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ.