ಐದು ಆಟಗಳ ಪಟ್ಟಿ ಬೇಡ, ನೀವಿರುವ ನೆಲದ ಒಂದು ಆಟ ಸಾಕು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಶಾಲೆಯಲ್ಲಿ ಐದನೆಯ ತರಗತಿಗೆ ಮೂಲನಿವಾಸಿಗಳ ಐದು ಚೆಂಡಾಟ ಕಲಿಸಬೇಕು, ಸುಲಭವಾದವು ಯಾವುವು, ಭಾರತೀಯರಾದ ನಾವು ಅವನ್ನು ಕಲಿಸಬಹುದೇ ಎಂದು ಕೇಳಿದ್ದೀರಿ. ಅಂಥದೇ ಪಟ್ಟಿ ಹಿಡಿದು ಮೈದಾನಕ್ಕೆ ಇಳಿದವನು ನಾನು. ಅದೇ ರಾಜ್ಯದ ಸನ್‌ಶೈನ್ ಕೋಸ್ಟ್‌ನ ಪ್ರಾಥಮಿಕ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಸೇರಿದ ಹೊಸತು. ಆಸ್ಟ್ರೇಲಿಯಾದ ಕ್ರೀಡಾ ಆಯೋಗ 2008ರಲ್ಲಿ ಹೊರತಂದ ‘ಯುಲುಂಗಾ’ ಸಂಗ್ರಹದಲ್ಲಿ ನೂರಕ್ಕೂ ಹೆಚ್ಚು ಆಟಗಳಿವೆ. ನಿಯಮಗಳನ್ನಷ್ಟೇ ಬರೆದುಕೊಂಡೆ. ಪ್ರತಿ ಆಟದ ಮೇಲ್ಭಾಗದಲ್ಲಿ ಅದು ಯಾರದು, ಎಲ್ಲಿಯದು ಎಂದು ಹೇಳುವ ಕೆಲವು ಸಾಲುಗಳನ್ನು ಬಿಟ್ಟುಬಿಟ್ಟೆ.

ಹಾಳಾದದ್ದು ಅಲ್ಲಿಯೇ. ಪಟ್ಟಿಯಲ್ಲಿ ‘ಕಾಯ್’ ಇತ್ತು. ವೃತ್ತಾಕಾರವಾಗಿ ನಿಂತು ಅಂಗೈಯಿಂದ ಚೆಂಡನ್ನು ಮೇಲಕ್ಕೆ ತಟ್ಟುತ್ತಲೇ ಇರುವ ಆಟ. ಹಿಂದೆ ಚೆಂಡಿನ ಬದಲು ಕಾಯ್ ಮರದ ಒಣಗಿದ ಕೆಂಪು ಹಣ್ಣನ್ನು ಬಳಸುತ್ತಿದ್ದರು. ತಟ್ಟುತ್ತ ಚೆಂಡಿನ ಹಾಡು ಹಾಡುತ್ತಿದ್ದರು. ನಾನು ಹಾಡನ್ನು ಕಿತ್ತುಹಾಕಿ ಸ್ಪರ್ಧೆ ಮಾಡಿದೆ: ಯಾವ ಗುಂಪು ಹೆಚ್ಚು ಸಲ ತಟ್ಟುತ್ತದೆ ಎಂದು ಎಣಿಕೆ, ಮೇಲೆ ಸೀಟಿ. ಸಾಲದ್ದಕ್ಕೆ ಕ್ರೀಡಾದಿನದಂದು ‘ಅಬೊರಿಜಿನಲ್ ಆಟಗಳು’ ಎಂಬ ದೊಡ್ಡ ಫಲಕ ಕಟ್ಟಿಸಿದೆ. ಆದರೆ ಕಾಯ್ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಯ ದ್ವೀಪವಾಸಿಗಳದು. ಅವರೂ ಮೂಲನಿವಾಸಿಗಳೇ, ಆದರೆ ಅಬೊರಿಜಿನಲ್ ಜನರಲ್ಲ. ಅವರೇ ಬೇರೆ ಜನ; ಭಾಷೆ ಬೇರೆ, ಬಾವುಟವೂ ಬೇರೆ. ನನ್ನ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಆ ದ್ವೀಪಗಳವರು. ಫಲಕ ಓದಿ, ಆಟವನ್ನು ಕೊನೆಯವರೆಗೂ ನೋಡಿ, ನನ್ನ ಬಳಿ ಬಂದು ಹಾಡು ಎಲ್ಲಿ ಹೋಯಿತು ಎಂದು ಕೇಳಿದರು. ಮೊದಲೇ ಕೇಳಿದ್ದರೆ ನಾನೇ ಬಂದು ಕಲಿಸುತ್ತಿದ್ದೆ ಎಂದರು. ಆಮೇಲೆ ನಾನೇ ಹೋಗಿ ಕರೆದರೂ ಬರಲಿಲ್ಲ. ಶಾಲೆಯ ಬೇಲಿಯಾಚೆಯೇ ಇದ್ದ ಗುರುವನ್ನು ಫಲಕ ಕಟ್ಟಿ ದೂರ ಮಾಡಿಕೊಂಡೆ.

ಅದೇ ಪಟ್ಟಿಯಲ್ಲಿ ಮಾರ್ನ್ ಗ್ರೂಕ್ ಕೂಡ ಇತ್ತು. ಪಾಸಮ್ ಎಂಬ ಮರವಾಸಿ ಪ್ರಾಣಿಯ ಚರ್ಮದ ಚೆಂಡನ್ನು ಎತ್ತರಕ್ಕೆ ಒದ್ದು, ಜಿಗಿದು ಹಿಡಿಯುವ ಪಶ್ಚಿಮ ವಿಕ್ಟೋರಿಯಾದ ಆಟ. ಆದರೆ ನಮ್ಮ ಶಾಲೆ ಇರುವುದು ಕಬಿ ಕಬಿ ಎಂಬ ಮೂಲನಿವಾಸಿ ಜನರ ನೆಲದಲ್ಲಿ! ಮಂಗಳೂರಿನ ಮಕ್ಕಳಿಗೆ ಕಂಬಳದ ಹೆಸರೂ ಎತ್ತದೆ ಜಲ್ಲಿಕಟ್ಟು ವಿವರಿಸಿದಂತಾಯಿತು ನನ್ನ ಪಾಠ. ಕಬಿ ಕಬಿಯವರ ಸ್ವಂತ ಆಟವೇ ಇದೆ, ಬುರೊಯಿಂಜಿನ್. ಕಾಂಗರೂ ಚರ್ಮದ ಚೆಂಡು. ಹಲವು ಸಲ ಹೊತ್ತು ಮುಳುಗುವವರೆಗೂ ಆಡುತ್ತಿದ್ದರಂತೆ. ನೋಡುವವರು ಮೆಚ್ಚುಗೆಗೆ ‘ಏಯ್, ಏಯ್’ ಎಂದು ಕೂಗುತ್ತಿದ್ದರಂತೆ. ಈಗ ನಾವು ಮೆದು ಚೆಂಡಿನಲ್ಲಿ ಆಡುತ್ತೇವೆ. ಎದುರು ತಂಡದವರಿಂದ ಮುಟ್ಟಿಸಿಕೊಂಡವರು ಚೆಂಡನ್ನು ತಕ್ಷಣ ಎಸೆಯಬೇಕು, ಯಾರನ್ನೂ ನೆಲಕ್ಕೆ ಕೆಡವುವಂತಿಲ್ಲ. ಹೊರಗೆ ಕುಳಿತ ಮಕ್ಕಳ ಕೂಗಿಗೆ ಪಕ್ಕದ ತರಗತಿಯವರಿಂದ ದೂರು ಬರುತ್ತದೆ, ಬರಲಿ.

ಆದ್ದರಿಂದ ಐದರ ಲೆಕ್ಕ ಬಿಡಿ. ಐದು ವಾರವೂ ಒಂದೇ ಆಟ ಆಡಿಸಿ, ಅದು ನಿಮ್ಮ ಶಾಲೆಯ ನೆಲದ ಜನರದಾಗಿರಲಿ. ಭಾರತೀಯರಾದ ನಾವು ಕಲಿಸಬಹುದೇ ಎಂಬ ನಿಮ್ಮ ಅಳುಕು ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಧಾರಾಳವಾಗಿ ಕಲಿಸಿ, ಆ ಸಮುದಾಯದ ಹಿರಿಯರನ್ನು ಮೊದಲು ಕೇಳಿ. ಸ್ಥಳೀಯ ಹಿರಿಯರ ಸಂಪರ್ಕ ಶಾಲೆಯ ಕಚೇರಿಯಲ್ಲೇ ಸಿಗಬಹುದು. ಮಾರ್ನ್ ಗ್ರೂಕ್ ಕಲಿಸಲೇಬೇಕೆಂಬ ಹಟವಿದ್ದರೆ ವಿಕ್ಟೋರಿಯಾದಲ್ಲಿ ಕೆಲಸ ಹುಡುಕಿಕೊಳ್ಳಿ.