ಪಂಪಿನ ಅಲೆಯಿಂದ ಶುರು ಮಾಡಿ

ನಮಸ್ಕಾರ.

ಸುರತ್ಕಲ್‌ನಿಂದ ನೀವು ಕಳಿಸಿದ ‘ಕಾರಿನ ಸ್ಕೋಪಿಗೆ ಯಾವ ಲೋ ಆಂಪ್ ಕ್ಲಾಂಪ್?’ ಲೇಖನವನ್ನು ನಿಧಾನವಾಗಿ ಓದಿದೆ. ಸ್ಕೋಪ್ ಅಂದರೆ ಸಿಗ್ನಲನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್, ಲೋ ಆಂಪ್ ಕ್ಲಾಂಪ್ ಅಂದರೆ ವೈರನ್ನು ಸುತ್ತುವರಿದು ಹಿಡಿದು ಅದರ ಸಣ್ಣ ಕರೆಂಟನ್ನು ಸ್ಕೋಪಿಗೆ ಕೊಡುವ ಸಾಧನ. ಈಗ ಇರುವ ಹಾಗೆ ಲೇಖನವನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ತಿದ್ದಿ ಕಳಿಸಿದರೆ ಹಾಕುವ ಮನಸ್ಸು ಖಂಡಿತ ಉಂಟು. ಗ್ಯಾರೇಜಿನ ಕೆಲಸವನ್ನು ಕನ್ನಡದಲ್ಲಿ ಹೀಗೆ ಬರೆಯುವವರು ನಮಗೆ ಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಕರೆಂಟು ಹರಿಯುವ ವೈರು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದನ್ನು 1820ರಲ್ಲಿ ಅರ್ಸ್ಟೆಡ್ ಕಂಡದ್ದು, ಕರೆಂಟು ಹರಿಯುವ ಲೋಹದಲ್ಲಿ ಆಯಸ್ಕಾಂತದಿಂದ ಅಡ್ಡಕ್ಕೆ ವೋಲ್ಟೇಜ್ ಹುಟ್ಟುವುದನ್ನು 1879ರಲ್ಲಿ ಎಡ್ವಿನ್ ಹಾಲ್ ಕಂಡದ್ದು, ಎರಡೂ ಸರಿಯೇ. ಆದರೆ ಬೈಕಂಪಾಡಿಯಲ್ಲೋ ಪಡೀಲ್‌ನಲ್ಲೋ ಗ್ಯಾರೇಜ್ ಇಟ್ಟವರು ಓದಲು ಕೂರುವುದು ಬೇರೆ ಪ್ರಶ್ನೆ ಇಟ್ಟುಕೊಂಡು. ಸ್ಕೋಪ್ ತೆಗೊಂಡಾಗಿದೆ, ಕೈಯಲ್ಲಿ ಒಂದು ಕ್ಲಾಂಪಿಗೆ ಮಾತ್ರ ದುಡ್ಡಿದೆ, ಯಾವುದು ತರಬೇಕು? ಇತಿಹಾಸದಿಂದ ಅವರಿಗೆ ಬೇಕಾದದ್ದು ಒಂದೇ ಸಾಲು. ಹಾಲ್ ಸೆನ್ಸರ್ ಇರುವ ಕ್ಲಾಂಪ್ ಕಾರಿನ ಬ್ಯಾಟರಿಯ ಡಿಸಿ ಕರೆಂಟನ್ನು ಅಳೆಯುತ್ತದೆ, ಬರೀ ಟ್ರಾನ್ಸ್‌ಫಾರ್ಮರ್ ತತ್ವದ್ದು ಅಳೆಯುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಯಾಕೆಂದರೆ ನಿಮ್ಮ ಮೂರನೇ ಪುಟದಲ್ಲಿ ‘ಮನೆಯ ವೈರಿಂಗ್ ನೋಡುವ ಕ್ಲಾಂಪ್ ಆದರೂ ನಡೆಯುತ್ತದೆ’ ಅಂತ ಇದೆ. ಅವುಗಳಲ್ಲಿ ಹೆಚ್ಚಿನವು ಎಸಿಯದ್ದು. ಅದನ್ನು ನಂಬಿ ಯಾರಾದರೂ ತಂದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ನಿಮ್ಮ ಲೇಖನದ ಜೀವ ಇರುವುದು ಕೊನೆಯ ಪ್ಯಾರಾದಲ್ಲಿ. ಹೆದ್ದಾರಿಯಲ್ಲಿ ಬಿಸಿಯಾದ ಮೇಲೆ ನಿಲ್ಲುತ್ತಿದ್ದ ಹಳೆಯ ಪೆಟ್ರೋಲ್ ಕಾರು, ಇಂಧನ ಪಂಪಿನ ಫ್ಯೂಸ್ ತೆಗೆದು ಅಲ್ಲಿ ವೈರ್ ಕೊಟ್ಟು ಹಾಕಿದ ಕ್ಲಾಂಪ್, ಸ್ಕೋಪಿನ ಅಲೆಯಲ್ಲಿ ಎಂಟು ಉಬ್ಬಿನಲ್ಲಿ ಒಂದು ಉಬ್ಬು ಪ್ರತಿ ಸುತ್ತಿಗೂ ಕುಸಿದದ್ದು. ಇಷ್ಟು ಒಳ್ಳೆಯ ಸಂಗತಿಗೆ ಮೂರೇ ಸಾಲು ಯಾಕೆ? ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ. ಟ್ಯಾಂಕ್ ಒಳಗಿನ ಬ್ರಶ್ ಇರುವ ಪಂಪಿನಲ್ಲಿ ಕಮ್ಯುಟೇಟರ್ ಪಟ್ಟಿಗಳು, ಅಂದರೆ ತಿರುಗುವ ಮೋಟರಿಗೆ ಬ್ರಶ್‌ನಿಂದ ಕರೆಂಟು ಪಡೆಯುವ ತಾಮ್ರದ ಪಟ್ಟಿಗಳು, ಸಾಮಾನ್ಯವಾಗಿ ಎಂಟು. ಬ್ರಶ್ ದಾಟಿದ ಒಂದೊಂದು ಪಟ್ಟಿಗೂ ಒಂದು ಉಬ್ಬು. ಎಂಟು ಉಬ್ಬಿಗೆ, ಅಂದರೆ ಒಂದು ಸುತ್ತಿಗೆ, 12 ಮಿಲಿಸೆಕೆಂಡ್ ಹಿಡಿದರೆ ಪಂಪು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಅಂತ ಅರ್ಥ. ಟ್ಯಾಂಕ್ ಇಳಿಸದೆ, ಸೀಟು ಬಿಚ್ಚದೆ ಇಷ್ಟು ಗೊತ್ತಾಗುತ್ತದೆ. ಈ ಲೆಕ್ಕವನ್ನು ಓದುಗರ ಎದುರು ಮಾಡಿ ತೋರಿಸಿ. ಆಮೇಲೆ ಯಾವ ಕ್ಲಾಂಪ್ ಬೇಕು ಅಂತ ಅವರೇ ಕೇಳುತ್ತಾರೆ.

ಆಗ ಕೋಷ್ಟಕಕ್ಕೆ ಬನ್ನಿ. ನಿಮ್ಮ ಕೋಷ್ಟಕದಲ್ಲಿ ಬೆಲೆ ಇದೆ, ಗರಿಷ್ಠ ಆಂಪಿಯರ್ ಇದೆ. ಮುಖ್ಯವಾದ ಎರಡು ಕಾಲಂ ಇಲ್ಲ. ಒಂದು, ಕ್ಲಾಂಪ್ ಒಂದು ಆಂಪಿಯರಿಗೆ ಸ್ಕೋಪಿಗೆ ಎಷ್ಟು ಮಿಲಿವೋಲ್ಟ್ ಕೊಡುತ್ತದೆ ಅನ್ನುವುದು. ಸಣ್ಣ ರೇಂಜಿನಲ್ಲಿ 100 ಮಿಲಿವೋಲ್ಟ್, ದೊಡ್ಡದರಲ್ಲಿ 10 ಮಿಲಿವೋಲ್ಟ್ ಇರುವವು ಸಾಕಷ್ಟು ಸಿಗುತ್ತವೆ. ಸುಮಾರು 5 ಆಂಪಿಯರಿನ ಪಂಪನ್ನು ದೊಡ್ಡ ರೇಂಜಿನಲ್ಲಿ ನೋಡಿದರೆ ಉಬ್ಬುಗಳು ಸಿಗ್ನಲಿನ ಗದ್ದಲದಲ್ಲಿ (ನಾಯ್ಸ್) ಮುಳುಗಿಹೋಗುತ್ತವೆ. ‘60 ಆಂಪಿಯರ್ ಇದೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅನ್ನುವ ನಿಮ್ಮ ಮಾತು ಇಲ್ಲಿ ತಪ್ಪುತ್ತದೆ. ಸ್ಟಾರ್ಟರ್ ಮೋಟರಿಗೆ ಹೇಗೂ ನೂರಾರು ಆಂಪಿಯರಿನ ಬೇರೆ ಕ್ಲಾಂಪೇ ಬೇಕು.

ಎರಡನೆಯದು ಬ್ಯಾಂಡ್‌ವಿಡ್ತ್, ಅಂದರೆ ಎಷ್ಟು ವೇಗದ ಬದಲಾವಣೆಯನ್ನು ಕ್ಲಾಂಪ್ ಹಿಡಿಯಬಲ್ಲದು ಅನ್ನುವುದು. ನೀವು ಅದನ್ನು ಹೆಸರಿಸಿ ಸುಮ್ನೆ ಮುಂದೆ ಹೋಗಿದ್ದೀರಿ. 0.35ನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಏರಿಕೆಯ ಸಮಯ, ಅಂದರೆ ಕರೆಂಟು ದಿಢೀರ್ ಏರಿದಾಗ ಕ್ಲಾಂಪಿನ ಸಿಗ್ನಲ್ ಏರಲು ಹಿಡಿಯುವ ಹೊತ್ತು, ಸಿಗುತ್ತದೆ. 20 ಕಿಲೋಹರ್ಟ್ಸ್‌ನ ಕ್ಲಾಂಪಿಗೆ ಅದು 17.5 ಮೈಕ್ರೋಸೆಕೆಂಡ್, 100 ಕಿಲೋಹರ್ಟ್ಸ್‌ನದಕ್ಕೆ 3.5. ಪಂಪಿನ ಉಬ್ಬಿಗೆ, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿನಲ್ಲಿ ಕೆಲವು ಮಿಲಿಸೆಕೆಂಡ್ ಹಿಡಿಯುವ ಕರೆಂಟಿನ ಏರಿಕೆಗೆ, ಇಂಜಿನ್ನಿಗೆ ಇಂಧನ ಚಿಮ್ಮಿಸುವ ಸಾಧಾರಣ ಪೆಟ್ರೋಲ್ ಇಂಜೆಕ್ಟರಿನ ಸೂಜಿ ಎದ್ದಾಗ ಕಾಣುವ ಸಣ್ಣ ತಗ್ಗಿಗೆ 20 ಕಿಲೋಹರ್ಟ್ಸ್ ಧಾರಾಳ ಸಾಕು. ಪಣಂಬೂರು ಬಂದರಿಗೆ ಬರುವ ಕಾಮನ್ ರೇಲ್ (ಭಾರೀ ಒತ್ತಡದ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ) ಲಾರಿಗಳನ್ನೇ ದಿನಾ ನೋಡುವವರ ವಿಷಯ ಬೇರೆ. ಆ ಇಂಜೆಕ್ಟರಿನ ಕರೆಂಟು ತುಂಬ ಬೇಗ ಏರುತ್ತದೆ, ನಿಧಾನದ ಕ್ಲಾಂಪಿನಲ್ಲಿ ಮೂಲೆಗಳು ಮೊಂಡಾಗಿ ಕಾಣುತ್ತವೆ. ಅಂಥವರು ಜಾಸ್ತಿ ಬ್ಯಾಂಡ್‌ವಿಡ್ತ್‌ಗೆ ದುಡ್ಡು ಹಾಕಲಿ. ನಿಮ್ಮ ತೀರ್ಪನ್ನು ಹೀಗೆ ಕೆಲಸ ನೋಡಿ ಬೇರೆ ಬೇರೆ ಕೊಡಿ, ಎಲ್ಲರಿಗೂ ಒಂದೇ ಬೇಡ.

ಇನ್ನೊಂದು ತಪ್ಪು. ರಾತ್ರಿ ನಿಂತ ಕಾರಿನ ಬ್ಯಾಟರಿ ಇಳಿಸುವ 30 ಮಿಲಿಆಂಪಿಯರ್ ಸೋರಿಕೆಯನ್ನು ಇದೇ ಕ್ಲಾಂಪಿನಲ್ಲಿ ನೇರ ಓದಬಹುದು ಅಂತ ಬರೆದಿದ್ದೀರಿ. ಸಣ್ಣ ರೇಂಜಿನಲ್ಲೂ ಅದು ಬರೀ 3 ಮಿಲಿವೋಲ್ಟ್. ಸೊನ್ನೆ ಮಾಡಿ ಬಿಟ್ಟ ಮೇಲೆ ಕ್ಲಾಂಪಿನ ಸೊನ್ನೆಯೇ ಅಷ್ಟು ಜರುಗಬಹುದು. ವೈರನ್ನು ಕ್ಲಾಂಪಿನ ಬಾಯಿಯೊಳಗೆ ಹತ್ತು ಸುತ್ತು ಸುತ್ತಿದರೆ ಹತ್ತು ಪಟ್ಟು ಕಾಣುತ್ತದೆ, ಹಾಗಾದರೆ ನಂಬಬಹುದು. ಇಲ್ಲದಿದ್ದರೆ ಮಲ್ಟಿಮೀಟರನ್ನು ಸರಣಿಯಲ್ಲಿ ಹಾಕಲು ಹೇಳಿ.

ನೀವು ಬಿಟ್ಟ ಒಂದು ವಿಷಯ ನಮ್ಮ ಕರಾವಳಿಯವರಿಗೆ ಎಲ್ಲಕ್ಕಿಂತ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಪಿನ್ ಚುಚ್ಚಿ ವೋಲ್ಟೇಜ್ ನೋಡಿದರೆ ವೈರಿನ ಮೈಯಲ್ಲಿ ತೂತು ಉಳಿಯುತ್ತದೆ. ಉಪ್ಪಿನ ಗಾಳಿ, ಆಮೇಲೆ ಜೂನ್‌ನಿಂದ ಬಿಡದೆ ಮಳೆ. ಆ ತೂತಿನಿಂದ ತೇವ ಒಳಗೆ ಹೋಗಿ ತಾಮ್ರ ಹಸಿರು ಹಿಡಿಯುತ್ತದೆ. ಇವತ್ತು ನಾವು ರಿಪೇರಿ ಮಾಡಿದ ಕಾರು ಮುಂದೊಂದು ದಿನ ಹೊಸ ದೋಷ ತಗೊಂಡು ಬರುತ್ತದೆ. ಕ್ಲಾಂಪಿಗೆ ಯಾವ ತೂತೂ ಬೇಡ, ಒಂದು ವೈರನ್ನು ಬೇರೆ ಮಾಡಿ ಹಿಡಿದರೆ ಆಯಿತು. ಮಲ್ಪೆ, ಉಳ್ಳಾಲದ ಕಡಲ ಬದಿಯ ಗಾಡಿಗಳನ್ನು ನೋಡುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ಅಲ್ವಾ? ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ಹೋಗಿ ಬರುವ ಎರಡೂ ವೈರನ್ನು ಒಟ್ಟಿಗೆ ಹಿಡಿದರೆ ಕರೆಂಟು ಸೊನ್ನೆ ತೋರಿಸುತ್ತದೆ ಅನ್ನುವುದನ್ನೂ ಅಲ್ಲೇ ಸೇರಿಸಿ. ಹೊಸಬರು ಅಲ್ಲೇ ಎಡವುವುದು.

ಭಾಷೆಯ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ನೀವು ಮಾತಾಡುವ ಹಾಗೆ ಬರೆದ ಕಡೆ ಚೆನ್ನಾಗಿದೆ, ಪಠ್ಯಪುಸ್ತಕದ ಹಾಗೆ ಬರೆದ ಕಡೆ ಬಿಗಿಯಾಗಿದೆ.

ಪಂಪಿನ ಅಲೆಯ ಚಿತ್ರವನ್ನು ಬೇರೆ ಫೈಲಾಗಿ ಕಳಿಸಿ, ಮಿಲಿವೋಲ್ಟ್ ಮತ್ತು ಸಮಯದ ಸ್ಕೇಲ್ ಎರಡೂ ಕಾಣಬೇಕು. ಪಂಪು ಬದಲಿಸಿದ ಮೇಲಿನ ಅಲೆಯೂ ಇದ್ದರೆ ಅದನ್ನೂ ಪಕ್ಕದಲ್ಲೇ ಹಾಕೋಣ. ಏಪ್ರಿಲ್ ಕೊನೆಯೊಳಗೆ ಬಂದರೆ ಮಳೆಗಾಲಕ್ಕೆ ಮೊದಲಿನ ಸಂಚಿಕೆಗೆ ಸೇರಿಸುತ್ತೇನೆ. ನಡುವೆ ಏನಾದರೂ ಸಂಶಯ ಬಂದರೆ ಸಂಜೆ ಹೊತ್ತು ಕಚೇರಿಗೆ ಫೋನ್ ಮಾಡಿ.