ಎಲ್ಲರಿಗೂ ಎಲ್ಲರೂ ಗೊತ್ತಿರುವ ಕ್ಯಾಂಪಸ್ಸಿನಲ್ಲಿ ಒಬ್ಬಂಟಿ

ವಿಶ್ವವಿದ್ಯಾಲಯದ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಒಬ್ಬ ವಿದ್ಯಾರ್ಥಿನಿಯ ಕಥೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಪದವಿಯ ಎರಡನೇ ವರ್ಷದ ವಿದ್ಯಾರ್ಥಿನಿ. ಓದುತ್ತಿರುವುದು ಚಿಕ್ಕ ಖಾಸಗಿ ವಿಶ್ವವಿದ್ಯಾಲಯದಲ್ಲಿ. ಎಲ್ಲ ವಿಭಾಗ ಸೇರಿಸಿದರೂ ಅಲ್ಲಿ ಸಾವಿರ ವಿದ್ಯಾರ್ಥಿಗಳಿಲ್ಲ. ಪರಿಸರ ವಿಜ್ಞಾನದ ಅವಳ ತರಗತಿಯಲ್ಲಿ 16 ಜನ. ಬಂದವಳೇ ಹೇಳಿದ್ದು ಇಷ್ಟು: "ಮೇಡಂ, ನಾನು ಇಲ್ಲಿಂದ ಹೋಗಬೇಕು. ಯಾರಿಗೂ ನನ್ನ ಮುಖ ಗೊತ್ತಿಲ್ಲದ ದೊಡ್ಡ ಯೂನಿವರ್ಸಿಟಿಗೆ."

ಜಗಳ ಶುರುವಾಗಿದ್ದು ಒಂದು ಗ್ರೂಪ್ ಪ್ರಾಜೆಕ್ಟ್‌ನಿಂದ. ಐದು ಜನ ಗೆಳತಿಯರು ಸೇರಿ ಮಾಡಬೇಕಿದ್ದ ಕೆಲಸ. ಒಬ್ಬಳು ಕೊನೆಯವರೆಗೂ ತನ್ನ ಪಾಲಿನದ್ದನ್ನು ಕೊಡಲಿಲ್ಲ. ಇವಳು ರಾತ್ರಿಯೆಲ್ಲಾ ಕೂತು ಮುಗಿಸಿದಳು, ಮರುದಿನ ಟೀಚರ್‌ಗೆ ಹೇಳಿಬಿಟ್ಟಳು. ಆ ಗೆಳತಿಗೆ ಅಂಕ ಕಡಿಮೆ ಬಂತು. ಅಂದಿನಿಂದ ನಾಲ್ವರೂ ಮಾತು ಬಿಟ್ಟರು. ದೊಡ್ಡ ಕ್ಯಾಂಪಸ್ ಆಗಿದ್ದರೆ ಇದು ಒಂದು ತರಗತಿಯ ಸಮಸ್ಯೆಯಾಗಿ ಉಳಿಯುತ್ತಿತ್ತು. ಇಲ್ಲಿ ಹಾಸ್ಟೆಲ್‌ನ ಮಹಡಿಯಲ್ಲೂ ಅವರೇ, ನಾಟಕದ ತಂಡದಲ್ಲೂ ಅವರೇ. ಮೆಸ್‌ನಲ್ಲಿ ಎದುರಾಗಬಾರದು ಅಂತ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಅರ್ಧ ತಿಂದು ಎದ್ದು ಬರುತ್ತಿದ್ದಳು. ಆಮೇಲೆ ಲ್ಯಾಬ್ ತಪ್ಪಿಸತೊಡಗಿದಳು. ಹಾಜರಾತಿ ಕಡಿಮೆಯಾಗಿದೆ ಅಂತ ನೋಟಿಸ್ ಬಂದ ಮೇಲೆ ನನ್ನ ಹತ್ತಿರ ಬಂದಿದ್ದು.

ಮೊದಲು ನಿದ್ದೆ, ಊಟ, ಓದಿನ ಮೇಲಿನ ಗಮನ ಹೇಗಿದೆ ಅಂತ ಕೇಳಿದೆ. ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯು-9 ಅನ್ನುವ ಪ್ರಶ್ನಾವಳಿ ಕೊಟ್ಟೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಅವಳದು 8 ಬಂತು. 5ರಿಂದ 9ರವರೆಗೆ ಇದ್ದರೆ ಸೌಮ್ಯ ಖಿನ್ನತೆಯ ಲಕ್ಷಣ ಅಂತ ಲೆಕ್ಕ. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಹಾಳೆಯಲ್ಲಿ ಏನೇ ಗುರುತು ಹಾಕಿರಲಿ, ಅದನ್ನು ನಾನು ಬಾಯಿಬಿಟ್ಟು ಕೇಳಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಅವಳಿಗೆ ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಮಿಕ್ಕ ಮಾತೆಲ್ಲಾ ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಅವಳಿಗೆ ಇನ್ನೊಂದು ಹೆದರಿಕೆ ಇತ್ತು. ನನ್ನ ಕೋಣೆ ಇರುವುದು ಎಲ್ಲರೂ ಓಡಾಡುವ ಕಾರಿಡಾರ್‌ನಲ್ಲಿ. ಒಳಗೆ ಬಂದಿದ್ದನ್ನು ಯಾರೋ ನೋಡಿದರೆ ಸಂಜೆಗೆ ಹಾಸ್ಟೆಲ್ ಪೂರ್ತಿ ಸುದ್ದಿ. ಹೆದರಿಕೆ ಸುಳ್ಳಲ್ಲ. ಹಾಗಾಗಿ ನಮ್ಮ ಭೇಟಿಯನ್ನು ಗ್ರಂಥಾಲಯದ ಚಿಕ್ಕ ಕೋಣೆಗೆ ಬದಲಿಸಿದೆ. ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು ಬೇರೆ ಯಾವಾಗಲೂ ಮಾತು ಹೊರಗೆ ಹೋಗುವುದಿಲ್ಲ ಅಂತ ಬಿಡಿಸಿ ಹೇಳಿದೆ. ನಡುವೆ ಅವಳ ವಿಭಾಗದ ಅಧ್ಯಾಪಕರೊಬ್ಬರು ಕಾಳಜಿಯಿಂದಲೇ "ಆ ಹುಡುಗಿ ನಿಮ್ಮ ಹತ್ತಿರ ಬರ್ತಾಳಾ?" ಅಂತ ಕೇಳಿದರು. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅಷ್ಟು ಹೇಳಿ ನಿಲ್ಲಿಸುವುದು ಚಿಕ್ಕ ಸಂಸ್ಥೆಯಲ್ಲಿ ನಿಜಕ್ಕೂ ಕಷ್ಟ. ನಾಳೆ ಅದೇ ಅಧ್ಯಾಪಕರ ಪಕ್ಕದಲ್ಲೇ ಕೂತು ಮೀಟಿಂಗ್ ಮಾಡಬೇಕಲ್ವಾ?

ಒಂದು ಹಾಳೆಯ ಮೇಲೆ ತರಗತಿ, ಹಾಸ್ಟೆಲ್, ಮೆಸ್, ನಾಟಕ, ಲ್ಯಾಬ್ ಅಂತ ಐದು ವೃತ್ತ ಬರೆಸಿದೆ. ಒಂದೊಂದರಲ್ಲೂ ಅವಳಿಗೆ ಹತ್ತಿರವಿದ್ದವರ ಹೆಸರು ತುಂಬಿಸು ಅಂದೆ. ಐದರಲ್ಲೂ ಅದೇ ನಾಲ್ಕು ಹೆಸರು ಬಂದವು. ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ನಂಗೆ ಇಡೀ ಕಾಲೇಜು ಬೇಡವಾಗಿಲ್ಲ. ಈ ನಾಲ್ಕು ಜನ ಸಿಗದ ಜಾಗವೇ ನಂಗಿಲ್ಲ" ಅಂದಳು. ನಾನು ವಿವರಿಸಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ನನ್ನ ಸಲಹೆಯೆಲ್ಲಾ ಅಲ್ಲಿಂದ ಶುರುವಾಯಿತು. ಹೊಸದಾಗಿ ಆಪ್ತ ಗೆಳತಿಯನ್ನು ಹುಡುಕಬೇಡ, ಆ ನಾಲ್ವರು ಇಲ್ಲದ ಒಂದು ಜಾಗ ಹುಡುಕು ಎಂದೆ. ಗೆಳೆತನಕ್ಕೆ ಹೊತ್ತು ಬೇಕು. ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು, ಆಪ್ತತೆ ಬರಲು 200ಕ್ಕೂ ಜಾಸ್ತಿ. ಅದರಲ್ಲೂ ಸುಮ್ನೆ ಪಕ್ಕಪಕ್ಕ ಕೆಲಸ ಮಾಡಿದ ಹೊತ್ತಿಗಿಂತ ಹರಟೆ, ಆಟದಲ್ಲಿ ಕಳೆದ ಹೊತ್ತು ಹೆಚ್ಚು ಕೆಲಸಕ್ಕೆ ಬರುತ್ತದೆ. ಇಬ್ಬರೂ ಲೆಕ್ಕ ಹಾಕಿದೆವು. ವಾರಕ್ಕೆ ಎರಡು ಗಂಟೆಯ ಒಂದು ಚಟುವಟಿಕೆ, 15 ವಾರದ ಸೆಮಿಸ್ಟರ್, ಒಟ್ಟು 30 ಗಂಟೆ. ಅಷ್ಟರಲ್ಲಿ ಯಾರೂ ಗೆಳತಿಯಾಗಲಿಲ್ಲ ಅಂದರೆ ತನ್ನಲ್ಲೇ ಏನೋ ಕೊರತೆ ಅಂದುಕೊಳ್ಳಬೇಕಿಲ್ಲ. ಈ ಲೆಕ್ಕ ಕೇಳಿ ಅವಳ ಮುಖ ಹಗುರಾಯಿತು.

ಹೊಸ ಜಾಗ ಸಿಕ್ಕಿದ್ದು ಓದಿನ ಕಡೆಯಿಂದ. ಚಿಕ್ಕ ವಿಶ್ವವಿದ್ಯಾಲಯದಲ್ಲಿ ಐಚ್ಛಿಕ ವಿಷಯಗಳು ಕಡಿಮೆ. ಕೆಲವು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ, ಸಾಕಷ್ಟು ಜನ ಸೇರದಿದ್ದರೆ ರದ್ದೂ ಆಗುತ್ತವೆ. ಆದರೆ ಇನ್ನೊಂದು ವಿಭಾಗದ ಅಧ್ಯಾಪಕರ ಬಾಗಿಲು ತಟ್ಟಿದರೆ ಅವರಿಗೆ ಮಾತಾಡಲು ಬಿಡುವಿರುತ್ತದೆ. ಅವಳು ಸಂಖ್ಯಾಶಾಸ್ತ್ರ ವಿಭಾಗದ ಒಂದು ಐಚ್ಛಿಕ ವಿಷಯಕ್ಕೆ ಸೇರಿಕೊಂಡಳು. ಅಲ್ಲಿ ಇದ್ದವರೆಲ್ಲಾ ಅವಳಿಗೆ ಹೊಸಬರು. ಸಂಜೆ ಬ್ಯಾಡ್ಮಿಂಟನ್‌ಗೂ ಹೋಗತೊಡಗಿದಳು. ನಾಟಕ ಬಿಡು ಅಂತ ನಾನು ಹೇಳಲಿಲ್ಲ. ಅವಳಿಗೆ ಅದು ಪ್ರಾಣ. ಒಂದು ಪ್ರದರ್ಶನದ ಮಟ್ಟಿಗೆ ವೇದಿಕೆ ಬಿಟ್ಟು ಬೆಳಕಿನ ಕೆಲಸ ಕೇಳಿಕೊಂಡಳು.

ಅಂಕ ಕಡಿಮೆ ಬಂದ ಆ ಗೆಳತಿಯ ಜೊತೆ ಮಾತಾಡುವುದು ಕೊನೆಗೆ ಉಳಿಯಿತು. ಗ್ರೂಪ್‌ನಲ್ಲಿ ಬರೆಯಬೇಡ, ಮಿಕ್ಕ ಮೂವರ ಎದುರಿಗೂ ಬೇಡ, ಅವಳೊಬ್ಬಳ ಹತ್ತಿರವೇ ಎರಡು ಮಾತು ಹೇಳು ಎಂದೆ. ಇವಳು ಸಿದ್ಧಮಾಡಿಕೊಂಡಿದ್ದು ಹೀಗೆ: "ಟೀಚರ್‌ಗೆ ಹೇಳೋ ಮುಂಚೆ ನಿಂಗೆ ಹೇಳಬೇಕಿತ್ತು. ಆದ್ರೆ ಎಲ್ಲಾ ಕೆಲಸ ನನ್ನ ಮೇಲೆ ಬಿತ್ತು, ಅದೂ ನಿಜ." ಎರಡನೇ ವಾಕ್ಯ ಬಿಡಬೇಡ ಅಂತ ಒತ್ತಿ ಹೇಳಿದೆ. ರಾಜಿಯ ಆಸೆಗೆ ಎಲ್ಲ ತಪ್ಪನ್ನೂ ತಲೆ ಮೇಲೆ ಹೊತ್ತುಕೊಂಡರೆ ಆ ಗೆಳೆತನ ಮತ್ತೆ ಮುರಿಯುತ್ತದೆ. ಆ ಗೆಳತಿ ಕೇಳಿಸಿಕೊಂಡು "ಸರಿ" ಅಂದಳಂತೆ, ಅಷ್ಟೇ. ಈಗ ಎದುರು ಸಿಕ್ಕರೆ ತಲೆಯಾಡಿಸುತ್ತಾರೆ. ಹಳೆಯ ಗುಂಪು ಮತ್ತೆ ಕೂಡಲಿಲ್ಲ.

ಬಿಟ್ಟು ಹೋಗುವ ಆಸೆಯನ್ನು ನಾನು ತಳ್ಳಿಹಾಕಲಿಲ್ಲ. ಜಾಗ ಬದಲಿಸುವುದೇ ಸರಿಯಾಗುವ ಸಂದರ್ಭಗಳೂ ಇವೆ. ಸಿಟ್ಟಿನಲ್ಲಿ ಅರ್ಜಿ ಹಾಕುವ ಬದಲು ಮಾಹಿತಿ ತರಿಸಿಕೋ ಎಂದೆ. ಮುಗಿಸಿದ ವಿಷಯಗಳ ಪಠ್ಯಕ್ರಮದ ಪ್ರತಿ ಕಳಿಸಿ, ಎಷ್ಟು ಕ್ರೆಡಿಟ್ ಒಪ್ಪುತ್ತೀರಿ ಅಂತ ಸೇರಬೇಕೆಂದಿರುವ ವಿಶ್ವವಿದ್ಯಾಲಯದಿಂದ ಬರಹದಲ್ಲೇ ಉತ್ತರ ಪಡೆಯಬೇಕು. ಫೋನ್‌ನಲ್ಲಿ ಹೇಳಿದ್ದನ್ನು ನಂಬಿ ಹೋಗಬಾರದು. ಉತ್ತರ ಬಂತು: ಮುಗಿಸಿದ್ದರಲ್ಲಿ ಅರ್ಧದಷ್ಟು ಮಾತ್ರ ಸಲ್ಲುತ್ತದೆ, ಅಂದರೆ ಒಂದು ವರ್ಷ ಜಾಸ್ತಿ ಓದಬೇಕು. ಈ ವರ್ಷ ಇಲ್ಲೇ ಮುಗಿಸಿ ಆಮೇಲೆ ನೋಡುತ್ತೇನೆ ಅಂತ ಅವಳೇ ತೀರ್ಮಾನಿಸಿದಳು.

ವಿಭಾಗಕ್ಕೆ ನಾನು ಒಂದು ಸಲಹೆ ಬರೆದು ಕೊಟ್ಟೆ, ಯಾರ ಹೆಸರೂ ಹೇಳದೆ. ಪ್ರಾಜೆಕ್ಟ್ ಗುಂಪುಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳುವುದು ಬೇಡ, ಪ್ರತಿ ಸೆಮಿಸ್ಟರ್ ಅಧ್ಯಾಪಕರೇ ಬದಲಿಸಲಿ. ಯಾರು ಯಾವ ಭಾಗ ಮಾಡಿದರು ಅಂತ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆದುಕೊಡಲಿ. ಆಗ ಗೆಳತಿಯ ಮೇಲೆ ದೂರು ಹೇಳಬೇಕಾದ ಸಂಕಟ ಯಾವ ವಿದ್ಯಾರ್ಥಿಗೂ ಬರುವುದಿಲ್ಲ. ಮುಂದಿನ ಸೆಮಿಸ್ಟರ್‌ನಿಂದ ಹಾಗೇ ಮಾಡಲು ವಿಭಾಗ ಒಪ್ಪಿದೆ.